ಬಿಸಿನೀರಿಗೆ ಒಂದು ದಿನದ ನೆಂಟರು

ಮುಂಬೈಯಲ್ಲಿ ಮೂರು-ನಾಲ್ಕು ದಶಕ ಕಳೆದ ನಮ್ಮವರಲ್ಲಿ ವಜ್ರೇಶ್ವರಿ-ಗಣೇಶಪುರಿಗೆ ಹೋಗದವರು ಕಡಿಮೆ. ಬೆಳಗ್ಗೆ ಲೋಕಲ್ ಹಿಡಿದು ವಸಾಯಿಯಲ್ಲೋ ವಿರಾರಿನಲ್ಲೋ ಇಳಿಯುವುದು, ಅಲ್ಲಿಂದ ಸುಮಾರು 30 ಕಿ.ಮೀ. ಬಸ್ಸು. ಕುಂಡದಲ್ಲಿ ಸ್ನಾನ, ದೇವಿಯ ದರ್ಶನ, ಕತ್ತಲಾಗುವುದರೊಳಗೆ ವಾಪಸ್ಸು ಮನೆ. ಈಗ ಅಲ್ಲಿ ಲಾಡ್ಜು, ರಿಸಾರ್ಟುಗಳೂ ಇವೆ. ರಾತ್ರಿ ಉಳಿಯದೆ, ಹಣ ಕೊಟ್ಟು ಬಿಸಿನೀರ ಸ್ನಾನ ಮಾಡಿ ಬರಬಹುದು. ಇದೇನೋ ಹೊಸ ವ್ಯಾಪಾರ ಅನ್ನಿಸುತ್ತದೆ. ಆದರೆ ಚರಿತ್ರೆ ನೋಡಿದರೆ ಇದು ಮೊದಲಿನಿಂದಲೂ ಒಂದು ದಿನದ ನೆಂಟರ ಊರೇ. ಹೊಸದಾಗಿ ಬಂದದ್ದು ಬಾಗಿಲು ಮಾತ್ರ!

ಮೊದಲು ನೀರಿನ ಮಾತು. ದೇವಿ ಕೊಂದ ರಾಕ್ಷಸರ ರಕ್ತವೇ ಹೀಗೆ ಬಿಸಿಯಾಗಿ ಹರಿಯುತ್ತಿದೆ ಎಂಬುದು ಸ್ಥಳಪುರಾಣ. ಭೂವಿಜ್ಞಾನಿಗಳು ಹೇಳುವುದು ಬೇರೆ. ಮಳೆನೀರು ಕಲ್ಲಿನ ಬಿರುಕುಗಳಲ್ಲಿ ಬಹಳ ಆಳಕ್ಕಿಳಿದು, ಅಲ್ಲಿನ ಶಾಖಕ್ಕೆ ಕಾದು ಮೇಲೆ ಬರುತ್ತದೆ. ಹತ್ತಿರದಲ್ಲಿ ಜೀವಂತ ಜ್ವಾಲಾಮುಖಿ ಯಾವುದೂ ಇಲ್ಲ. ಉತ್ತರ ಕೊಂಕಣದಿಂದ ರತ್ನಾಗಿರಿಯ ರಾಜಾಪುರದವರೆಗೆ, ಸಮುದ್ರ ತೀರಕ್ಕೆ ಸಮಾನಾಂತರವಾಗಿ ಇಂಥ ಬುಗ್ಗೆಗಳ ಸಾಲೇ ಇದೆ. ಅಕ್ಲೋಲಿ, ಗಣೇಶಪುರಿಗಳಲ್ಲಿ ನೀರು ಸುಮಾರು 50 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು. ನಮ್ಮ ಊರಿನ ಬಚ್ಚಲ ಹಂಡೆಯನ್ನು ನೆನಪಿಸುವಂಥ ಬಿಸಿ, ಸೌದೆ ಒಲೆ ಒಂದಿಲ್ಲ ಅಷ್ಟೆ.

ದೇವಸ್ಥಾನದ ಕಥೆ ಯುದ್ಧದ ಕಥೆ. ಪೋರ್ಚುಗೀಸರ ಕೈಯಲ್ಲಿದ್ದ ವಸಾಯಿ ಕೋಟೆಯನ್ನು ಗೆಲ್ಲಲು ಹೊರಟ ಚಿಮಾಜಿ ಅಪ್ಪಾ, ಬಾಜೀರಾಯನ ತಮ್ಮ, ಗೆದ್ದರೆ ಗುಡಿ ಕಟ್ಟಿಸುತ್ತೇನೆಂದು ವಜ್ರೇಶ್ವರಿಗೆ ಹರಕೆ ಹೊತ್ತನಂತೆ. 1739ರ ಮೇ ತಿಂಗಳಲ್ಲಿ ವಸಾಯಿ ಮರಾಠರ ವಶವಾಯಿತು, ಗುಡ್ಡದ ಮೇಲೆ ಗುಡಿ ಎದ್ದಿತು. ಕಲ್ಲಿನ ಗೋಡೆ, ಎತ್ತರದ ಮೆಟ್ಟಿಲು, ಹೆಬ್ಬಾಗಿಲು... ದೂರದಿಂದ ನೋಡಿದರೆ ಅದೂ ಒಂದು ಕೋಟೆಯೇ. ಆದರೆ ಕೋಟೆಯಂಥ ಗೋಡೆ ಬಿದ್ದದ್ದು ದೇವಿಯ ಸುತ್ತ. ಕೆಳಗೆ ತಾನಸಾ ನದಿಯ ದಂಡೆಯ ಕುಂಡಗಳಿಗೆ ಯಾರು ಬೇಕಾದರೂ ಬಂದು ಇಳಿಯಬಹುದಿತ್ತು.

ತಾನಸಾ ಎಂದ ಕೂಡಲೆ ಇನ್ನೊಂದು ಸಂಗತಿ. ಇದೇ ನದಿಗೆ ಮೇಲ್ಭಾಗದಲ್ಲಿ ಅಣೆಕಟ್ಟು ಕಟ್ಟಿ 1892ರಲ್ಲಿ ಮುಂಬೈಗೆ ನೀರು ತಂದರು. ಇವತ್ತಿಗೂ ನಗರದ ನಲ್ಲಿ ನೀರಿನಲ್ಲಿ ತಾನಸಾದ ಪಾಲಿದೆ. ಚಾಳಿನಲ್ಲಿ ಬೆಳಗಿನ ಜಾವ ನಲ್ಲಿಗಾಗಿ ಎದ್ದು, ಒಂದೇ ಬಕೆಟ್ಟಿನಲ್ಲಿ ಸ್ನಾನ ಮುಗಿಸಿ ಕೆಲಸಕ್ಕೆ ಓಡುತ್ತಿದ್ದವರು ರಜೆಯ ದಿನ ಅದೇ ನದಿಯ ದಂಡೆಗೆ ಬಂದು, ಕುತ್ತಿಗೆವರೆಗೆ ಬಿಸಿನೀರಿನಲ್ಲಿ ಕೂರುವುದೆಂದರೆ ಏನು ಸುಖವೆಂದು ಬಿಡಿಸಿ ಹೇಳಬೇಕೆ?

ನಮ್ಮವರಿಗೆ ಈ ದಾರಿ ಇಷ್ಟು ಪರಿಚಿತವಾದದ್ದು ಮಾತ್ರ ನಿತ್ಯಾನಂದ ಸ್ವಾಮಿಗಳಿಂದ. ಕೇರಳದಲ್ಲಿ ಬೆಳೆದು, ದಕ್ಷಿಣ ಕನ್ನಡದಲ್ಲಿ ಅಲೆದು, ಕಾಞಂಗಾಡಿನ ಗುಹೆಗಳಲ್ಲಿದ್ದ ಅವಧೂತರು 1930ರ ದಶಕದಲ್ಲಿ ಈ ಕಾಡಿಗೆ ಬಂದರು. ಮಂಗಳೂರಿನಲ್ಲಿ ಅವರಾಡಿದ ಮಾತುಗಳನ್ನು ತುಳಸಿಯಮ್ಮ ಬರೆದಿಟ್ಟುಕೊಂಡದ್ದರಿಂದಲೇ 'ಚಿದಾಕಾಶ ಗೀತೆ' ಕನ್ನಡದಲ್ಲಿ ಉಳಿಯಿತು. ಗಣೇಶಪುರಿಯಲ್ಲಿ ಅವರು ನೆಲೆಸಿದ ಮೇಲೆ ಭೀಮೇಶ್ವರ ಗುಡಿಯ ಪಕ್ಕದ ಕುಂಡಗಳೂ ಹೆಸರಾದವು. 1961ರ ಆಗಸ್ಟ್ 8ರಂದು ಅವರು ದೇಹ ಬಿಟ್ಟ ಕಟ್ಟಡದ ಹೆಸರು 'ಬೆಂಗಳೂರುವಾಲಾ'! ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲೆ ಹಾರ ಹಾಕಿದ ಅವರ ಫೋಟೋ ನೋಡದ ಮುಂಬೈಕರ ಯಾರಿದ್ದಾರೆ? ಕುಂಡಕ್ಕಿಳಿದಾಗ ಧಣಿ, ಮಾಣಿ ಇಬ್ಬರಿಗೂ ಒಂದೇ ನೀರು.

ಇನ್ನು ಇವತ್ತಿನ ಲಾಡ್ಜಿನ ಮಾತು. ಅದನ್ನು ಸುಮ್ಮನೆ ಬೈಯುವುದು ನ್ಯಾಯವಲ್ಲ. ತೆರೆದ ಕುಂಡದಲ್ಲಿ ಹೆಂಗಸರಿಗೆ ಮರೆ ಸಾಲದು, ಬಟ್ಟೆ ಬದಲಿಸುವುದು ಕಷ್ಟ. ಮಂಡಿನೋವಿನ ಅಜ್ಜಿಯರು ಪಾಚಿ ಹಿಡಿದ ಮೆಟ್ಟಿಲಿಳಿಯುವುದು ಇನ್ನೂ ಕಷ್ಟ. ಬಾಗಿಲು ಹಾಕಿಕೊಂಡು ನಿಶ್ಚಿಂತೆಯಿಂದ ಸ್ನಾನ ಮಾಡುವುದಕ್ಕೆ ಒಂದಿಷ್ಟು ಹಣ ಕೊಟ್ಟರೆ ತಪ್ಪೇನಿಲ್ಲ. ಬಿಸಿನೀರು ಗಂಟುನೋವಿಗೆ ಹಾಯೆನಿಸುತ್ತದೆ ನಿಜ, ಆದರೆ ರೋಗವನ್ನೇ ವಾಸಿಮಾಡುತ್ತದೆ ಎಂದು ನಂಬಬೇಡಿ. ಹೃದಯದ ತೊಂದರೆಯಿರುವವರು, ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರು ವೈದ್ಯರನ್ನು ಕೇಳಿಯೇ ಇಳಿಯಬೇಕು.

ನನ್ನ ಚಿಂತೆ ಬೇರೆ. ಬುಗ್ಗೆಯ ನೀರು ಒಬ್ಬೊಬ್ಬರ ಕಾಂಪೌಂಡಿನಲ್ಲಿ ಬೇರೆಬೇರೆಯಾಗಿ ಹುಟ್ಟುವುದಿಲ್ಲ, ನೆಲದಡಿಯಲ್ಲಿ ಅದು ಒಂದೇ. ಪ್ರತಿಯೊಬ್ಬರೂ ಕೊಳವೆ ಇಳಿಸಿ ಎಳೆಯತೊಡಗಿದರೆ ಮೊದಲು ಸೊರಗುವುದು ಕುಂಡ. ದುಡ್ಡು ಕೊಡಬಲ್ಲವರೆಲ್ಲ ಬಾಗಿಲ ಒಳಗೆ ಹೋದ ಮೇಲೆ ಕುಂಡ ಗಲೀಜಾದರೂ ಕೇಳುವವರಿರುವುದಿಲ್ಲ. ನಷ್ಟ ಯಾರಿಗೆ? ಇವತ್ತೂ ವಾರದ ಒಂದೇ ರಜೆಗೆ ಬಸ್ಸು ಹತ್ತಿ ಬರುವ ಹೋಟೆಲ್ ಹುಡುಗನಿಗೆ.

ಸುಮಾರು ಮುನ್ನೂರು ವರ್ಷಗಳಲ್ಲಿ ಈ ಊರಿಗೆ ಪೋರ್ಚುಗೀಸರನ್ನು ಸೋಲಿಸಿದವರು ಬಂದರು, ಬ್ರಿಟಿಷರು ಬಂದರು, ಅವಧೂತರು ಬಂದರು. ಯಾರೂ ನೀರಿಗೆ ಬೀಗ ಹಾಕಲಿಲ್ಲ. ಹಾಗಾಗಿ ಮುಂದಿನ ಸಲ ಹೋದಾಗ, ಲಾಡ್ಜಿನಲ್ಲೇ ಸ್ನಾನ ಮಾಡಿದರೂ ಸರಿ, ಕುಂಡದ ಹತ್ತಿರ ಒಂದು ಸುತ್ತು ಹೋಗಿ ಬನ್ನಿ. ನೀರು ಹೇಗಿದೆ, ಸುತ್ತ ಹೇಗಿದೆ ನೋಡಿ. ಸೋಪು, ಪ್ಲಾಸ್ಟಿಕ್ ಬಿಡುವವರನ್ನು ಕಂಡರೆ ಒಂದು ಮಾತು ಹೇಳಿ. ನೆಂಟರಿಗೂ ಮನೆಯ ಮೇಲೆ ಅಷ್ಟು ಹಕ್ಕು, ಅಷ್ಟು ಋಣ ಇದ್ದೇ ಇದೆ.