ಅಜ್ಜಂಪುರದ ಪೇಟೆ

ಊರಿನ ದೊಡ್ಡಸ್ತಿಕೆಯನ್ನು ಜನಗಣತಿಯ ಸಂಖ್ಯೆಯಿಂದಲೇ ಅಳೆಯುವುದು ವಾಡಿಕೆ. ಆದರೆ ಗಣತಿಯು ಊರಲ್ಲಿ ನೆಲೆಸಿದವರನ್ನು ಎಣಿಸುವುದೇ ಹೊರತು, ಹಗಲು ಬಂದು ವ್ಯವಹರಿಸಿ ಮರಳುವವರನ್ನು ಎಣಿಸದು. ಅಜ್ಜಂಪುರದ ಪೇಟೆ ಬೆಳೆದುದು ಈ ಎರಡನೆಯವರಿಂದ. ತರೀಕೆರೆಯ ಪಶ್ಚಿಮಕ್ಕೆ ಮಲೆನಾಡು, ಅಡಕೆ. ಇತ್ತ ಎರೆಭೂಮಿ, ಹತ್ತಿ, ಈರುಳ್ಳಿ. ಚಿಕ್ಕದೇವರಾಜ ಒಡೆಯರ ‘ಬೆಣ್ಣೆ ಚಾವಡಿ’ಯಾಗಿದ್ದು ಟಿಪ್ಪುವಿನ ಕಾಲದಲ್ಲಿ ‘ಅಮೃತ ಮಹಲ್’ ಎನಿಸಿದ ಗೋತಳಿಯ ಸಂವರ್ಧನ ಕೇಂದ್ರವೂ ಇಲ್ಲಿಯೇ ಉಂಟು. 1889ರಲ್ಲಿ ಹರಿಹರದವರೆಗೆ ರೈಲುಮಾರ್ಗವು ತೆರೆದ ಮೇಲೆ, ಗಾಡಿಗಳಲ್ಲಿ ಬಂದ ಸರಕಿಗೆ ದೂರದ ಪೇಟೆಗಳು ಹತ್ತಿರವಾದುವು. ತಾಲ್ಲೂಕಿನ ಪದವಿ ದೊರೆತುದು ಬಹುಕಾಲದ ತರುವಾಯ. 2017ರ ಆಯವ್ಯಯದಲ್ಲಿ ಘೋಷಿತವಾದ 49 ಹೊಸ ತಾಲ್ಲೂಕುಗಳಲ್ಲಿ ಇದೂ ಒಂದು. ಕಚೇರಿಯು ಊರಿಗೆ ಮನ್ನಣೆಯನ್ನು ಕೊಟ್ಟೀತು. ಅನ್ನವನ್ನು ಕೊಡುವುವು ಸುತ್ತಣ ಹಳ್ಳಿಗಳೇ. ಅವುಗಳ ಹೊಲವೂ ಕಾವಲೂ ಕ್ಷೀಣಿಸಿದರೆ, ಜನಸಂಖ್ಯೆ ಇಮ್ಮಡಿಸಿದರೂ ಪೇಟೆ ಬಡವಾಗುವುದೆಂಬುದನ್ನು ವಾಚಕರು ಮರೆಯಲಾಗದು.