ಒಂದೇ ಮೈಯಲ್ಲಿ ಎರಡು ಜ್ವರ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ತಾಲ್ಲೂಕುಗಳದು ಮಲೆನಾಡು ಇಳಿದು ಬಯಲಿಗೆ ಸೇರುವ ನೆಲ. ಅಡಿಕೆ ತೋಟಗಳು, ಸೂಳೆಕೆರೆ ಎಂದೇ ಹೆಸರಾದ ಶಾಂತಿಸಾಗರ, ತುಂಗಭದ್ರೆಯ ದಂಡೆ, ಆಮೇಲೆ ಬಂದ ಭದ್ರಾ ನಾಲೆ, ಹೀಗೆ ಎತ್ತ ತಿರುಗಿದರೂ ನೀರು. ಜಗಳೂರಿನದು ಇದಕ್ಕೆ ತದ್ವಿರುದ್ಧ. ಅಲ್ಲಿ ಕೊಡ, ಡ್ರಮ್ಮು, ತೊಟ್ಟಿಗಳಲ್ಲಿ ನೀರು ಕೂಡಿಟ್ಟೇ ಬದುಕಬೇಕು. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿ ಆಗಿನ್ನೂ ಹೊನ್ನಾಳಿ ತಾಲ್ಲೂಕಿನ ಊರು.

ಸೊಳ್ಳೆಗಳೂ ಈ ನೀರನ್ನು ಹೀಗೇ ಹಂಚಿಕೊಂಡಿವೆ. ಮಲೇರಿಯಾ ಹರಡುವ ಅನಾಫಿಲಿಸ್ ಹಳ್ಳ, ನಾಲೆ, ಬಾವಿಗಳಲ್ಲಿ ಮೊಟ್ಟೆಯಿಡುತ್ತದೆ. ಡೆಂಗಿ, ಚಿಕುನ್‌ಗುನ್ಯಾ ವೈರಸ್ ಹೊತ್ತು ತಿರುಗುವ ಈಡಿಸ್‌ಗೆ ಮನೆಯ ಹಿತ್ತಿಲಿನ ಡ್ರಮ್ಮೇ ಸಾಕು. ಮಲೇರಿಯಾದ ಚರಿತ್ರೆಯನ್ನೂ ವೈರಸ್ ಜ್ವರಗಳ ಚರಿತ್ರೆಯನ್ನೂ ಬೇರೆಬೇರೆಯಾಗಿ ಬರೆಯುವುದು ರೂಢಿ. ಜನರ ಮೈಯಲ್ಲಿ ಮಾತ್ರ ಅವು ಬೇರೆಯಾಗಿ ಉಳಿಯಲಿಲ್ಲ.

ಹಳೆಯ ಮೈಸೂರು ಸಂಸ್ಥಾನದ ಮಲೆನಾಡಿನಲ್ಲಿ ಚಳಿಜ್ವರಕ್ಕೆ, ಅಂದರೆ ಮಲೇರಿಯಾಕ್ಕೆ, ಹಳ್ಳಿಗಳೇ ಬರಿದಾದದ್ದುಂಟು. ಹೊಟ್ಟೆಯ ಎಡಭಾಗದಲ್ಲಿ ಗುಲ್ಮ ಊದಿ ಕೈಗೆ ಸಿಗುವ ಜ್ವರಗಡ್ಡೆ ಮಕ್ಕಳಲ್ಲಿ ಮಾಮೂಲಾಗಿತ್ತು. 1920ರ ದಶಕದ ಕೊನೆಯಲ್ಲಿ ಸಂಸ್ಥಾನವು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಸಂಶೋಧನೆ ಆರಂಭಿಸಿತು. ಆ ಕೆಲಸದಲ್ಲಿ ತೊಡಗಿದ್ದ ಸ್ವೀಟ್ ಮತ್ತು ರಾವ್ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಯ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಮೊಟ್ಟೆಯನ್ನು ನೀರಿನ ಮೇಲೆ ತೇಲಿಸುವ ಪಕ್ಕದ ಚೀಲಗಳಲ್ಲಿನ ಏಣುಗಳನ್ನು ಒಂದೊಂದಾಗಿ ಎಣಿಸಿದರು. ಏಣು ಕಡಿಮೆ ಇರುವ ಬಗೆಗೆ 1937ರಲ್ಲಿ ಅವರು ಕೊಟ್ಟ ಹೆಸರು ‘ಮೈಸೋರೆನ್ಸಿಸ್’. ಅದು ಮಲೇರಿಯಾ ಹರಡುವುದರಲ್ಲಿ ಹಿಂದೆ. ಕೂದಲೆಳೆಯಷ್ಟು ವ್ಯತ್ಯಾಸ ಹುಡುಕಿದ ಆ ತಾಳ್ಮೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ.

ಅದಕ್ಕೂ ಮೊದಲೇ ಒಂದು ವೈರಸ್ ಬಂದು ಹೋಗಿತ್ತು. 1918ರ ಜೂನ್‌ನಲ್ಲಿ ಮುಂಬಯಿಗೆ ಇಳಿದ ಇನ್‌ಫ್ಲುಯೆಂಜಾ, ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಎರಡನೇ ಅಲೆಯಾಗಿ ಎರಗಿತು. ಭಾರತದಲ್ಲಿ ಸತ್ತವರು 1.2 ಕೋಟಿಗೂ ಹೆಚ್ಚು ಎನ್ನುತ್ತವೆ ಬಹುಪಾಲು ಅಂದಾಜುಗಳು. ಮಳೆ ಹಿಂದೆಗೆದು ಚಳಿಜ್ವರ ಏರುವ ಕಾಲವೂ ಅದೇ. ಅದೇ ಪಿಡುಗು ಇರಾನಿನಲ್ಲಿ ಅಷ್ಟೊಂದು ಜನರನ್ನು ಬಲಿ ತೆಗೆದುಕೊಳ್ಳಲು ಮಲೇರಿಯಾ ಮತ್ತು ಬರದಿಂದ ಸೊರಗಿದ್ದ ದೇಹಗಳೂ ಕಾರಣ ಎಂದು ಇತಿಹಾಸಕಾರ ಅಮೀರ್ ಅಫ್ಖಾಮಿ ತೋರಿಸಿದ್ದಾರೆ. ಮಲೇರಿಯಾ ಕೆಂಪು ರಕ್ತಕಣಗಳನ್ನು ಒಡೆದು ರಕ್ತಹೀನತೆ ತರುತ್ತದೆ. ಅಂಥವರಿಗೆ ಶ್ವಾಸಕೋಶವೂ ಕೈಕೊಟ್ಟರೆ ಉಳಿಯುವುದು ಕಷ್ಟ.

ಎರಡು ಸೋಂಕು ಸೇರಿದಾಗಲೆಲ್ಲ ಒಂದೇ ದಿಕ್ಕಿಗೆ ಸಾಗುವುದಿಲ್ಲ. ತಾಂಜಾನಿಯಾದ ಮಕ್ಕಳ ಮೇಲೆ ನಡೆದು 1992ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಡಾರ ಅಥವಾ ಇನ್‌ಫ್ಲುಯೆಂಜಾ ಬಂದ ಮಕ್ಕಳ ರಕ್ತದಲ್ಲಿ ಮಲೇರಿಯಾ ಪರಾವಲಂಬಿಗಳು ತಗ್ಗಿದ್ದವು. ಅಂಥ ಮಗುವಿನ ರಕ್ತಲೇಪನದಲ್ಲಿ ರೋಗಾಣು ಸುಲಭವಾಗಿ ಕಣ್ತಪ್ಪಬಹುದು. ಆಫ್ರಿಕಾದ ಇನ್ನೊಂದು ಅನುಭವ ಇದಕ್ಕೆ ಉಲ್ಟಾ: ಪದೇಪದೇ ಬರುವ ಮಲೇರಿಯಾ ರೋಗನಿರೋಧಕ ಶಕ್ತಿಯನ್ನು ಕುಂದಿಸಿ, ಎಪ್‌ಸ್ಟೀನ್-ಬಾರ್ ವೈರಸ್ ಮಕ್ಕಳಲ್ಲಿ ಬರ್ಕಿಟ್ ಕ್ಯಾನ್ಸರಿಗೆ ದಾರಿ ಮಾಡಲು ನೆರವಾಗುತ್ತದೆ.

ಡಿಡಿಟಿ ಕೀಟನಾಶಕ ಬಂದ ಮೇಲೆ ಮಲೇರಿಯಾದ ಚಿತ್ರ ಬದಲಾಯಿತು. 1940ರ ದಶಕದ ನಡುವಿನಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಪಕ್ಕದ ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಅದನ್ನು ಸಿಂಪಡಿಸಿ ಫಲ ಕಂಡಿದ್ದರು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. 1947ರಲ್ಲಿ ದೇಶದಲ್ಲಿ ಸುಮಾರು 7.5 ಕೋಟಿ ಇದ್ದ ಪ್ರಕರಣಗಳು 1965ಕ್ಕೆ ಒಂದು ಲಕ್ಷದ ಆಸುಪಾಸಿಗೆ ಇಳಿದವು.

ಮಲೇರಿಯಾ ಹೀಗೆ ಹಿಂದೆ ಸರಿಯುತ್ತಿದ್ದಾಗಲೇ, 1957ರಲ್ಲಿ, ಹೊನ್ನಾಳಿ-ಚನ್ನಗಿರಿ ಆಗ ಸೇರಿದ್ದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಜನರಿಗೂ ತೀವ್ರ ಜ್ವರ. ಮೊದಲು ಟೈಫಾಯ್ಡ್ ಗುಂಪಿನ ಜ್ವರವೆಂದುಕೊಂಡರು, ಹಳದಿ ಜ್ವರದ ಭಯವೂ ಮೂಡಿತು. ಕೊನೆಗೆ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಜ್ಞರು ಉಣ್ಣೆಗಳಿಂದ ಹರಡುವ ಹೊಸ ವೈರಸನ್ನು ಪತ್ತೆಹಚ್ಚಿದರು. ಅದೇ ಮಂಗನ ಕಾಯಿಲೆ. ಹಳೆಯ ಜ್ವರಗಳ ಹೆಸರುಗಳು ಹೊಸದನ್ನು ಎಷ್ಟು ಸುಲಭವಾಗಿ ಮರೆಮಾಡಬಲ್ಲವು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಈ ಸೀಮೆಗೆ ಬೇಕಿಲ್ಲ.

2006ರಲ್ಲಿ ಚಿಕುನ್‌ಗುನ್ಯಾ ಬಂತು. ದೇಶದ ಸುಮಾರು 14 ಲಕ್ಷ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕೂ ಹೆಚ್ಚು ಕರ್ನಾಟಕದವೇ. ಜಗಳೂರಿನಂಥ ಒಣ ಸೀಮೆಯ ನೀರಿನ ಡ್ರಮ್ಮುಗಳು ಈಡಿಸ್ ಸೊಳ್ಳೆಗೆ ಹೇಳಿ ಮಾಡಿಸಿದ ಜಾಗ.

ಈಗಿನ ತೊಡಕು ಡೆಂಗಿಯದು. ಡೆಂಗಿಯಲ್ಲೂ ಮಲೇರಿಯಾದಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ, ಮೈಕೈ ನೋವು, ತಲೆನೋವು ಎರಡರಲ್ಲೂ ಉಂಟು. ಡೆಂಗಿ ಪರೀಕ್ಷೆ ಪಾಸಿಟಿವ್ ಬಂದೊಡನೆ ಹುಡುಕಾಟ ನಿಂತರೆ ಮಲೇರಿಯಾ ಒಳಗೇ ಉಳಿದುಬಿಡುತ್ತದೆ, ಅದಕ್ಕೆ ನಿಖರವಾದ ಔಷಧಿ ಇದ್ದೂ ಉಪಯೋಗವಾಗುವುದಿಲ್ಲ. ಕೆಲಸ ಹುಡುಕಿ ಕಾಫಿ ಸೀಮೆಗೂ ದೊಡ್ಡ ಊರುಗಳಿಗೂ ಹೋಗಿ ಬರುವ ಜಗಳೂರು, ನ್ಯಾಮತಿ ಕಡೆಯ ಕೂಲಿಕಾರರಲ್ಲಿ ಇದನ್ನು ವಿಶೇಷವಾಗಿ ನೆನಪಿಡಬೇಕು. ಎಲ್ಲೋ ಹತ್ತಿದ ವೈವಾಕ್ಸ್ ಮಲೇರಿಯಾ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಅಡಗಿದ್ದು ಮತ್ತೆ ಕೆರಳುತ್ತದೆ. ವೈದ್ಯರು ಬರೆದುಕೊಟ್ಟ 14 ದಿನಗಳ ಪ್ರಿಮಾಕ್ವಿನ್ ಮಾತ್ರೆಯನ್ನು ನಾಲ್ಕೇ ದಿನಕ್ಕೆ ಬಿಟ್ಟವರಿಗೆ, ಊರಿನ ಡೆಂಗಿ ಕಾಲದಲ್ಲೇ ಆ ಹಳೆಯ ಜ್ವರವೂ ಮರಳಬಹುದು.