ಹಳೇ ಟೈರಿನ ಮನೆ ಮತ್ತು ನೆಲದ ಪ್ರಶ್ನೆ

ಮನುಸ್ಮೃತಿಯ ಹತ್ತನೇ ಅಧ್ಯಾಯದಲ್ಲಿ ಚಂಡಾಲರು ಹೇಗೆ ಬದುಕಬೇಕು ಅಂತ ಕಟ್ಟಳೆ ಬರೆದಿಟ್ಟಿದ್ದಾರೆ. ಊರಾಚೆ ಇರಬೇಕು. ಒಡೆದ ಮಡಕೆಯಲ್ಲಿ ಉಣ್ಣಬೇಕು. ಸತ್ತವರ ಬಟ್ಟೆ ಉಡಬೇಕು. ಅಂದರೆ ಊರು ಎಸೆದದ್ದೇ ಇವರ ಆಸ್ತಿ. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರ ನೇತೃತ್ವದಲ್ಲಿ ಆ ಪುಸ್ತಕವನ್ನು ಸುಟ್ಟರು. ಪುಸ್ತಕ ಸುಟ್ಟಿತು. ಕಟ್ಟಳೆ ಮಾತ್ರ ಕೇರಿ ಕೇರಿಗಳಲ್ಲಿ ಬದುಕಿಕೊಂಡೇ ಬಂತು.

ಕೇರಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡಬ್ಬ ಬಿಡಿಸಿ ತಟ್ಟಿದ ತಗಡು. ಗೋಣಿತಾಟಿನ ಬಾಗಿಲು. ಯಾರದೋ ಕೆಡವಿದ ಮನೆಯಿಂದ ತಂದ ಹುಳು ಹಿಡಿದ ತೊಲೆ. ಸೂರು ಗಾಳಿಗೆ ಹಾರಬಾರದು ಅಂತ ಮೇಲೆ ಹೇರಿದ ಸವೆದ ಟೈರು. ಕರೆಂಟಿನ ಕಂಬ ಊರೊಳಗೆ ಬಂದು ನಿಂತುಬಿಡುತ್ತಿತ್ತು. ಕೇರಿಗೆ ಬಂದರೂ ಭಾಗ್ಯಜ್ಯೋತಿಯ ಒಂದೇ ಒಂದು ಬಲ್ಬು. ಇಂಥ ಮನೆ ಕಟ್ಟಿದ ನಮ್ಮಪ್ಪಂದಿರನ್ನು ಯಾರೂ ಇಂಜಿನಿಯರ್ ಅನ್ನಲಿಲ್ಲ. ಮನೆಯನ್ನು ಮನೆ ಅಂತಲೂ ಅನ್ನಲಿಲ್ಲ, ಗುಡಿಸಲು ಅಂದರು.

ಈಗ ಪ್ರಪಂಚದ ತುಂಬ ಹೊಸದೊಂದು ಮಾತು ಓಡಾಡ್ತಾ ಇದೆ. ಎಸೆದ ಸಾಮಾನಿನಿಂದ ಮನೆ ಕಟ್ಟಿ. ಕರೆಂಟಿನ ತಂತಿ, ನಲ್ಲಿ, ಚರಂಡಿ ಯಾವುದರ ಹಂಗೂ ಇಲ್ಲದೆ ಬದುಕಿ. ಬಡ ದೇಶಗಳ ಜನರಿಗೆ ಇದೇ ದಾರಿ ಅಂತ. ನಗಬೇಕೋ ಸಿಟ್ಟಾಗಬೇಕೋ? ಎರಡಕ್ಕೂ ಮೊದಲು ಈ ಮಾತಿನ ಚರಿತ್ರೆ ತಿಳಿಯಬೇಕು. ಯಾಕೆಂದರೆ ಇದರೊಳಗೆ ನಾವು ಕಲಿಯಬೇಕಾದ ಕಸುಬೂ ಇದೆ, ನಾವು ಎಚ್ಚರವಾಗಿರಬೇಕಾದ ಮೋಸವೂ ಇದೆ.

1960ರಲ್ಲಿ ಆಲ್ಫ್ರೆಡ್ ಹೈನೆಕೆನ್ ಎಂಬ ಡಚ್ ಬಿಯರ್ ಕಂಪನಿಯ ಯಜಮಾನ ಕೆರಿಬಿಯನ್ ಸಮುದ್ರದ ಕುರಸಾವ್ ದ್ವೀಪಕ್ಕೆ ಹೋಗಿದ್ದ. ಆಫ್ರಿಕಾದಿಂದ ಮನುಷ್ಯರನ್ನು ಹಿಡಿದು ತಂದು ಡಚ್ಚರು ಮಾರುತ್ತಿದ್ದ ದ್ವೀಪ ಅದು. ಸಮುದ್ರದ ದಂಡೆಯಲ್ಲಿ ತನ್ನದೇ ಕಂಪನಿಯ ಖಾಲಿ ಬಾಟಲಿಗಳು ಬಿದ್ದಿದ್ದವು. ಪಕ್ಕದಲ್ಲೇ ಸರಿಯಾದ ಸೂರಿಲ್ಲದ ಜನ. ಅವನಿಗೆ ಒಂದು ಯೋಚನೆ ಬಂತು: ಕುಡಿದಾದ ಮೇಲೆ ಇಟ್ಟಿಗೆಯಾಗುವಂಥ ಬಾಟಲಿ ಮಾಡಿದರೆ? ಜಾನ್ ಹಬ್ರಾಕೆನ್ ಎಂಬ ವಾಸ್ತುಶಿಲ್ಪಿ ಚೌಕದ ಬಾಟಲಿ ಮಾಡಿಕೊಟ್ಟ. ಒಂದರ ಕತ್ತು ಇನ್ನೊಂದರ ತಳದ ಗುಳಿಯಲ್ಲಿ ಕೂರುತ್ತದೆ. 1963ರಲ್ಲಿ ಸುಮಾರು 1 ಲಕ್ಷ ಬಾಟಲಿ ತಯಾರಾದವು. ಆಮೇಲೆ? ಕಂಪನಿಯ ಮಾರಾಟದವರು ಒಪ್ಪಲಿಲ್ಲ. ಹಾಲೆಂಡಿನಲ್ಲಿ ಯಜಮಾನನ ತೋಟದಲ್ಲಿ ಒಂದು ಸಣ್ಣ ಕೊಟ್ಟಿಗೆ ಕಟ್ಟಿದ್ದಷ್ಟೇ. ಕುರಸಾವಿನ ಬಡವನಿಗೆ ಒಂದು ಗೋಡೆಯೂ ಏಳಲಿಲ್ಲ.

ಇಲ್ಲಿ ಒಂದು ಮಾತು ಗಮನಿಸಿ. ಬಾಟಲಿ ಬೇಕೇ ಅಂತ ಕುರಸಾವಿನ ಜನರನ್ನು ಯಾರೂ ಕೇಳಿರಲಿಲ್ಲ. ಬೇಡ ಅಂತ ಕೈಬಿಟ್ಟಾಗಲೂ ಕೇಳಲಿಲ್ಲ.

ಎರಡನೇ ಕತೆ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಟಾವೋಸಿನದು. ಅದು ಒಣ ಬೆಟ್ಟದ ನಾಡು. ಹಗಲು ಬಿಸಿಲು, ರಾತ್ರಿ ಕೊರೆಯುವ ಚಳಿ, ಮಳೆ ಕಡಿಮೆ. ಅಲ್ಲಿನ ಮೂಲನಿವಾಸಿಗಳಾದ ಪ್ಯೂಬ್ಲೋ ಜನ ನೂರಾರು ವರ್ಷಗಳಿಂದ ಹಸಿ ಮಣ್ಣಿನ ಇಟ್ಟಿಗೆಯಲ್ಲಿ ಅಂತಸ್ತಿನ ಮನೆಗಳನ್ನು ಕಟ್ಟಿಕೊಂಡು ಬಂದವರು. ದಪ್ಪ ಗೋಡೆ ಹಗಲು ಬಿಸಿಲು ಕುಡಿದು ರಾತ್ರಿ ಶಾಖ ಬಿಡುತ್ತದೆ. ಆ ಹಳೇ ಊರಿನ ಗೋಡೆಯೊಳಗೆ ಕರೆಂಟೂ ಇಲ್ಲ, ನಲ್ಲಿಯೂ ಇಲ್ಲ. ಬೇಡ ಅಂತ ಅವರೇ ಇಟ್ಟುಕೊಂಡ ರೂಢಿ. ಅವರ ಹೋರಾಟ ಮನೆಗಾಗಿ ಇರಲಿಲ್ಲ, ನೆಲಕ್ಕಾಗಿ ಇತ್ತು. 1906ರಲ್ಲಿ ಅಮೆರಿಕ ಸರ್ಕಾರ ಅವರ ಪವಿತ್ರ ನೀಲಿ ಸರೋವರವನ್ನೂ ಸುತ್ತಲ ಕಾಡನ್ನೂ ಸರ್ಕಾರಿ ಅರಣ್ಯ ಅಂತ ಕಿತ್ತುಕೊಂಡಿತು. ಪರಿಹಾರದ ಹಣ ಬೇಡ, ನೆಲ ಕೊಡಿ ಅಂತ ಅವರು ಪಟ್ಟು ಹಿಡಿದರು. 64 ವರ್ಷದ ಮೇಲೆ, 1970ರ ಡಿಸೆಂಬರಿನಲ್ಲಿ, 48,000 ಎಕರೆ ವಾಪಸ್ ಬಂತು.

ಅದೇ ಕಾಲಕ್ಕೆ ಅದೇ ಟಾವೋಸಿಗೆ ಬಂದವನು ಮೈಕಲ್ ರೆನಾಲ್ಡ್ಸ್. 1969ರಲ್ಲಿ ಸಿನ್ಸಿನ್ನಾಟಿಯಲ್ಲಿ ವಾಸ್ತುಶಿಲ್ಪ ಓದಿ ಮುಗಿಸಿದ ಬಿಳಿ ಹುಡುಗ. ಎಲ್ಲೆಲ್ಲೂ ಬಿಯರ್ ಡಬ್ಬ ಬಿದ್ದಿವೆ, ಇನ್ನೊಂದು ಕಡೆ ಮನೆಗೆ ಅಂತ ಕಾಡು ಕಡೀತಾ ಇದ್ದಾರೆ. ಡಬ್ಬದಲ್ಲೇ ಯಾಕೆ ಕಟ್ಟಬಾರದು ಅಂತ ಶುರು ಮಾಡಿದ. 1972ರ ಹೊತ್ತಿಗೆ ಡಬ್ಬದ ಇಟ್ಟಿಗೆಯ ಮೊದಲ ಮನೆ ನಿಂತಿತು. ಆಮೇಲೆ ಟೈರಿಗೆ ಕೈ ಹಾಕಿದ. ಅದಕ್ಕೆ ಅರ್ತ್‌ಶಿಪ್ ಅಂತ ಹೆಸರಿಟ್ಟ, ಮಣ್ಣಿನ ಹಡಗು ಅಂದ ಹಾಗೆ.

ಇದರ ಕಸುಬು ನಮ್ಮ ಹುಡುಗರು ತಿಳಿಯಬೇಕಾದದ್ದು. ಹಳೇ ಟೈರನ್ನು ಮಲಗಿಸಿ ಒಳಗೆ ಮಣ್ಣು ತುಂಬಿ ಸುತ್ತಿಗೆಯಿಂದ ಬಡಿದು ಬಿಗಿ ಮಾಡುತ್ತಾರೆ. ತುಂಬಿದ ಟೈರು 130 ಕಿಲೋ ಮೀರಿ ತೂಗುತ್ತದೆ, ಆಮೇಲೆ ಅದನ್ನು ಅಲುಗಿಸೋದು ಕಷ್ಟ. ಹೀಗೆ ಇಟ್ಟಿಗೆಯಂತೆ ಒಂದರ ಮೇಲೊಂದು ಏರಿಸಿ ಗಾರೆ ಮೆತ್ತಿದರೆ ಎರಡು ಮೂರಡಿ ದಪ್ಪದ ಗೋಡೆ. ಒಳಗಿನ ಸಣ್ಣ ಗೋಡೆಗಳಿಗೆ ಡಬ್ಬ. ಬಾಟಲಿಗಳನ್ನು ಕತ್ತರಿಸಿ ಜೋಡಿಸಿ ಬೆಳಕಿನ ಕಿಂಡಿ. ಸೂರಿನ ಮಳೆನೀರು ತೊಟ್ಟಿಗೆ. ಆ ನೀರು ಮೊದಲು ಸ್ನಾನಕ್ಕೆ, ಪಾತ್ರೆಗೆ. ಅಲ್ಲಿಂದ ಮನೆಯೊಳಗಿನ ಗಿಡದ ಮಡಿಗೆ. ಅಲ್ಲಿ ಸೋಸಿದ್ದು ಕಕ್ಕಸಿಗೆ. ಕೊನೆಗೆ ಹೊರಗಿನ ಗಿಡಕ್ಕೆ. ಒಂದು ಹನಿಗೆ ನಾಲ್ಕು ಕೆಲಸ. ದೀಪಕ್ಕೆ ಸೂರ್ಯನ ಫಲಕ. ದಕ್ಷಿಣಕ್ಕೆ ಗಾಜಿನ ಗೋಡೆ, ಚಳಿಗಾಲದ ಬಿಸಿಲು ಒಳಗೆ ಬರಲಿ ಅಂತ.

ದಪ್ಪ ಮಣ್ಣಿನ ಗೋಡೆ ಶಾಖ ಹಿಡಿದಿಡುವ ಬುದ್ಧಿ ಪ್ಯೂಬ್ಲೋ ಜನರಿಗೆ ನೂರಾರು ವರ್ಷಗಳಿಂದ ಗೊತ್ತಿತ್ತು. ಟೈರು ಮಾತ್ರ ಹೊಸದು. ಆದರೆ ಇತಿಹಾಸದಲ್ಲಿ ಹೆಸರು ಬಂದದ್ದು ಯಾರದು ನೋಡಿ.

ರೆನಾಲ್ಡ್ಸ್‌ಗೂ ಕಷ್ಟ ಬಂತು. 1990ರ ದಶಕದಲ್ಲಿ ಇವನ ಮನೆಗಳು ಕಾಯಿದೆಗೆ ಹೊಂದುವುದಿಲ್ಲ ಅಂತ ಅಧಿಕಾರಿಗಳು ಕೆಲಸ ನಿಲ್ಲಿಸಿದರು, ವಾಸ್ತುಶಿಲ್ಪಿಯ ಪರವಾನಗಿಯೂ ಹೋಯಿತು. ವರ್ಷಗಟ್ಟಲೆ ಶಾಸನಸಭೆಯ ಬಾಗಿಲು ಕಾದ. 2007ರಲ್ಲಿ ಇಂಥ ಪ್ರಯೋಗದ ಮನೆಗಳಿಗೆ ಜಾಗ ಬಿಡುವ ಕಾಯಿದೆಯನ್ನು ನ್ಯೂ ಮೆಕ್ಸಿಕೋ ಮಾಡಿತು. ಹಠಗಾರ, ಒಪ್ಪೋಣ. ಆದರೆ ಬಾಗಿಲು ಕಾಯುವುದಕ್ಕೂ ಓದು, ಬಣ್ಣ, ಬಿಡುವು ಬೇಕು. ಕಾಯಿದೆ ಮೀರಿ ಮನೆ ಕಟ್ಟಿದ ನಮ್ಮವನಿಗೆ ಸಿಗುವುದು ಕಾಯಿದೆಯಲ್ಲ, ಬುಲ್ಡೋಜರ್. ಇನ್ನೊಂದು ಮಾತು: ಟಾವೋಸಿನ ಪೂರ್ತಿ ಸಜ್ಜಾದ ಅರ್ತ್‌ಶಿಪ್ ಮಾಮೂಲಿ ಮನೆಗಿಂತ ಅಗ್ಗವೇನಲ್ಲ. ಟೈರು ಬಡಿಯೋದನ್ನು ಕಲಿಯಲು ಜನ ಅಲ್ಲಿ ಫೀಸು ಕಟ್ಟುತ್ತಾರೆ. ನಮ್ಮಲ್ಲಿ ಬಡಿಯುವವನು ಕೂಲಿಗೆ ಕೈಯೊಡ್ಡುತ್ತಾನೆ. ಅದೇ ಸುತ್ತಿಗೆ, ಅದೇ ಬೆವರು.

2004ರ ಡಿಸೆಂಬರ್ 26ರ ಸುನಾಮಿ ಅಂಡಮಾನ್ ನಿಕೋಬಾರ್ ದ್ವೀಪಗಳನ್ನು ನುಂಗಿತು. ಬಾವಿಗಳಿಗೆ ಉಪ್ಪುನೀರು ನುಗ್ಗಿತು. ಸರ್ಕಾರ ಜನರನ್ನು ತಗಡಿನ ಶೆಡ್ಡುಗಳಲ್ಲಿ ಇಟ್ಟಿತು. ಸಮಭಾಜಕದ ಬಿಸಿಲಿನಲ್ಲಿ ತಗಡಿನ ಶೆಡ್ಡು ಅಂದರೆ ಏನು ಅಂತ ಹೇಳಬೇಕೆ? ಆಮೇಲೆ ಕಾಯಂ ಮನೆಗೂ ಸಾಮಾನನ್ನು ಹಡಗಿನಲ್ಲಿ ಮುಖ್ಯ ಭೂಮಿಯಿಂದ ಹೇರಿಕೊಂಡು ಬಂದರು. ಕಾಡಿನ ಮರ, ಎಲೆಯಲ್ಲಿ ತಲೆತಲಾಂತರದಿಂದ ಮನೆ ಕಟ್ಟಿದ್ದ ನಿಕೋಬಾರಿಗಳು ತಮ್ಮ ಮನೆಯನ್ನು ಇನ್ಯಾರೋ ಕಟ್ಟುವುದನ್ನು ನೋಡುತ್ತಾ ನಿಂತರು.

ಆ ಹೊತ್ತಿನಲ್ಲಿ, 2005ರಲ್ಲಿ, ರೆನಾಲ್ಡ್ಸ್ ತಂಡ ಲಿಟ್ಲ್ ಅಂಡಮಾನಿಗೆ ಬಂದು ಟೈರು, ಬಾಟಲಿ, ಬಿದಿರಿನಲ್ಲಿ ಒಂದು ಮಾದರಿ ಮನೆ ಕಟ್ಟಿತು. ಮಳೆನೀರು ಹಿಡಿಯುವ ಮನೆ. ಬಾವಿ ಉಪ್ಪಾದ ಊರಿಗೆ ಇದು ನಿಜವಾದ ಬುದ್ಧಿ. ಊರಿನವರು ಕೈ ಸೇರಿಸಿದರು, ಕಲಿತರು. ಆದರೆ ಸಾವಿರಾರು ಮನೆ ಕಳೆದುಕೊಂಡ ನಾಡಿಗೆ ಒಂದು ಮಾದರಿ ಏನು ಮಾಡೀತು? ಸರ್ಕಾರದ ಟೆಂಡರು ಬೇರೆ ದಾರಿಯಲ್ಲಿ ಹೋಯಿತು. ಕಂಟ್ರಾಕ್ಟರನಿಗೆ ಟೈರಿನಲ್ಲಿ ಲಾಭ ಇಲ್ಲ, ಸಿಮೆಂಟಿನಲ್ಲಿ ಇದೆ.

2010ರ ಜನವರಿ 12ರಂದು ಹೈಟಿಯಲ್ಲಿ ಭೂಮಿ ನಡುಗಿತು. ಹೈಟಿ ಅಂದರೆ ನಮಗೆ ಬರೀ ಬಡ ದೇಶವಲ್ಲ. ಗುಲಾಮರೇ ದಂಗೆಯೆದ್ದು, ಫ್ರೆಂಚ್ ಸೈನ್ಯವನ್ನು ಸೋಲಿಸಿ, 1804ರಲ್ಲಿ ಸ್ವತಂತ್ರರಾದ ನಾಡು. ಅದಕ್ಕೆ ಶಿಕ್ಷೆಯಾಗಿ 1825ರಲ್ಲಿ ಫ್ರಾನ್ಸ್ ಅವರ ಮೇಲೆ 15 ಕೋಟಿ ಫ್ರಾಂಕು ದಂಡ ಹೇರಿತು. ಕಳೆದುಕೊಂಡ ಆಸ್ತಿಗೆ ಪರಿಹಾರವಂತೆ. ಆ ಆಸ್ತಿಯಲ್ಲಿ ಗುಲಾಮರೂ ಸೇರಿದ್ದರು. ಆ ಸಾಲ ತೀರಿಸುವುದರಲ್ಲಿ ತಲೆಮಾರುಗಳೇ ಹೋದವು. ಹಾಗಾಗಿ ಭೂಕಂಪದಲ್ಲಿ ಜನರನ್ನು ಕೊಂದದ್ದು ಭೂಮಿ ಮಾತ್ರ ಅಲ್ಲ. ಕಬ್ಬಿಣ ಉಳಿಸಿ, ಸಿಮೆಂಟ್ ಉಳಿಸಿ ಕಟ್ಟಿದ ಕಾಂಕ್ರೀಟ್ ಕೊಂದಿತು. ಬಡತನ ಕೊಂದಿತು.

ಅದೇ ವರ್ಷ ಅದೇ ತಂಡ ರಾಜಧಾನಿ ಪೋರ್ಟ್ ಒ ಪ್ರಿನ್ಸಿಗೆ ಹೋಗಿ, ಅಲ್ಲಿನ ಯುವಕರನ್ನು ಕೂಡಿಸಿಕೊಂಡು ಟೈರಿನ ಒಂದು ಸಣ್ಣ ದುಂಡು ಮನೆ ಕಟ್ಟಿತು. ಕುಲುಕಿದರೆ ಇದು ಸಿಮೆಂಟ್ ಇಟ್ಟಿಗೆಯಂತೆ ಪುಡಿಯಾಗಿ ತಲೆ ಮೇಲೆ ಬೀಳುವುದಿಲ್ಲ ಅನ್ನೋದು ಅವರ ವಾದ. ಟೈರಿಗೂ ಡಬ್ಬಕ್ಕೂ ಅಲ್ಲಿ ಬರವಿರಲಿಲ್ಲ. ಕಟ್ಟುವ ಕೈಗೂ ಬರವಿರಲಿಲ್ಲ. ಬರ ಇದ್ದದ್ದು ನೆಲಕ್ಕೆ. ಹತ್ತು ಲಕ್ಷಕ್ಕೂ ಹೆಚ್ಚು ಜನ ಡೇರೆಗಳಲ್ಲಿದ್ದರು. ಅವರಲ್ಲಿ ಬಹಳ ಮಂದಿ ಭೂಕಂಪದ ಮುಂಚೆಯೂ ಬಾಡಿಗೆಯವರು, ಸ್ವಂತ ನೆಲವಿಲ್ಲದವರು. ಡೇರೆ ಹಾಕಿದ ಜಾಗದಿಂದಲೂ ಮಾಲೀಕರು ಅವರನ್ನು ಒಕ್ಕಲೆಬ್ಬಿಸಿದರು. 130 ಕಿಲೋದ ಟೈರನ್ನು ಯಾರ ನೆಲದಲ್ಲಿ ಇಡುತ್ತೀರಿ ಹೇಳ್ರಪ್ಪ?

ಮೂರೂ ಕಡೆ ಇದೇ ಪಾಠ. ಕಸುಬು ಬಂತು, ಸಾಮಾನು ಇತ್ತು. ಕೇಳಬೇಕಾದ ಜನರನ್ನು ಕೇಳಲಿಲ್ಲ, ಇಲ್ಲವೇ ನೆಲ ಸಿಗಲಿಲ್ಲ.

ನಮ್ಮ ನಾಡಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಮತ್ತು ಗೆಳೆಯರು ಹಳ್ಳಿಗೆ ತಕ್ಕ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಶುರು ಮಾಡಿದರು. ಕುಣಿಗಲ್ ತಾಲೂಕಿನ ಪುರ ಅನ್ನುವ ಹಳ್ಳಿಯಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಅಡಿಗೆಗೆ ಅಂತ ಮಾಡಿದ್ದು. ಸಗಣಿ ಸಾಲಲಿಲ್ಲ, ಸೋತಿತು. ನಿಮಗೆ ಏನು ಬೇಕು ಅಂದಾಗ ಊರಿನವರು ಹೇಳಿದ್ದು ಕುಡಿಯೋ ನೀರು. 1987ರಿಂದ ಅದೇ ಗ್ಯಾಸಿನಲ್ಲಿ ಕರೆಂಟು ಮಾಡಿ, ಬೋರ್‌ವೆಲ್ಲಿನ ನೀರೆತ್ತಿ ನಲ್ಲಿಗೆ ಬಿಟ್ಟರು, ಮನೆಗೆ ದೀಪ ಕೊಟ್ಟರು. ಊರಿನ ಹುಡುಗರೇ ಯಂತ್ರ ನಡೆಸಿದರು. ಆಗ ಅದು ವರ್ಷಗಟ್ಟಲೆ ನಡೆಯಿತು. ಕೇಳುವುದಕ್ಕೂ ಕೇಳದಿರುವುದಕ್ಕೂ ಇಷ್ಟು ವ್ಯತ್ಯಾಸ.

ನೆಲದ ವಿಷಯಕ್ಕೆ ಬನ್ನಿ. 1974ರ ಭೂಸುಧಾರಣೆ ತಿದ್ದುಪಡಿ ಉಳುವವನನ್ನು ಹೊಲದೊಡೆಯನನ್ನಾಗಿ ಮಾಡಿತು. ಗೇಣಿದಾರನಿಗೆ ಹೊಲ ಬಂತು. ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದವನಿಗೆ ಏನೂ ಬರಲಿಲ್ಲ, ಅವರಲ್ಲಿ ಹೆಚ್ಚಿನವರು ನಮ್ಮವರು. ತಾಂಡಾ, ಹಟ್ಟಿ, ಹಾಡಿಗಳಲ್ಲಿ ವಾಸ ಮಾಡುವವನೇ ಮನೆಯೊಡೆಯ ಅಂತ ಕಾಯಿದೆ ತಿದ್ದಿದ್ದು 2016ರಲ್ಲಿ. ನಡುವೆ 42 ವರ್ಷ. ಅಷ್ಟೂ ವರ್ಷ ಆ ಜನ ಕಟ್ಟಿದ ಮನೆ ದಾಖಲೆಯಲ್ಲಿ ಮನೆಯೇ ಆಗಿರಲಿಲ್ಲ. ಹಕ್ಕುಪತ್ರವಿಲ್ಲದವನು ಗಟ್ಟಿ ಮನೆ ಯಾಕೆ ಕಟ್ಟಿಯಾನು? ನಾಳೆ ಎಬ್ಬಿಸಿದರೆ ಹೊತ್ತುಕೊಂಡು ಹೋಗುವಂಥದ್ದನ್ನೇ ಕಟ್ಟುತ್ತಾನೆ. ತಗಡಿನ ಮನೆ ನಮ್ಮ ದಡ್ಡತನದ ಗುರುತಲ್ಲ. ನೆಲವಿಲ್ಲದವರ ಲೆಕ್ಕಾಚಾರ ಅದು.

ಹಾಗಾದರೆ ಟೈರಿನ ಮನೆಯನ್ನು ಒದ್ದು ಓಡಿಸೋಣವೇ? ಬೇಡ. ಮಳೆನೀರು ಹಿಡಿಯುವುದು, ಬಚ್ಚಲ ನೀರು ಗಿಡಕ್ಕೆ ತಿರುಗಿಸುವುದು, ಸೂರ್ಯನಿಂದ ದೀಪ ಹಚ್ಚುವುದು, ಎಲ್ಲವೂ ನಮಗೆ ಬೇಕು. ಕುರುಡಾಗಿ ನಕಲು ಮಾಡುವುದು ಬೇಡ. ದಕ್ಷಿಣದ ಗಾಜಿನ ಗೋಡೆ ಟಾವೋಸಿನ ಚಳಿಗೆ ಸರಿ, ಬಳ್ಳಾರಿಯ ಬಿಸಿಲಿಗೆ ಅದು ಒಲೆ. ಇಲ್ಲಿ ಬೇಕಾದ್ದು ನೆರಳು, ಗಾಳಿ, ದಪ್ಪ ಗೋಡೆ. ಹಳ್ಳಿಯ ಮೇಷ್ಟ್ರುಗಳು ಮಕ್ಕಳಿಗೆ ಇದನ್ನು ವಿಜ್ಞಾನದ ಪಾಠವಾಗಿ ಹೇಳಬಹುದು. ಅದಕ್ಕೆ ಮೊದಲು ಕೇರಿಯ ಮಗುವಿಗೆ, ನಿನ್ನ ಅಜ್ಜ ಸೂರಿನ ಮೇಲೆ ಟೈರು ಇಟ್ಟದ್ದು ಯಾಕೆ ಅಂತ ಕೇಳಿ. ಅದರಲ್ಲೂ ಲೆಕ್ಕ ಇದೆ, ಬುದ್ಧಿ ಇದೆ ಅಂತ ಮಗುವಿಗೆ ಗೊತ್ತಾಗಲಿ.

ತಂತಿಯ ಹಂಗಿಲ್ಲದ ಮನೆ ಉಳ್ಳವನಿಗೆ ಬಿಡುಗಡೆ, ಯಾಕೆಂದರೆ ಬೇಕೆಂದಾಗ ಅವನು ತಂತಿ ಎಳೆಸಿಕೊಳ್ಳಬಲ್ಲ. ತಂತಿ ಬಾರದೇ ಇದ್ದವನಿಗೆ ಅದನ್ನೇ ಆದರ್ಶ ಅಂತ ಬೋಧಿಸಿದರೆ ಮನುವಿನ ಕಟ್ಟಳೆಗೆ ಹೊಸ ಅಂಗಿ ತೊಡಿಸಿದ ಹಾಗೆ. ಆದ್ದರಿಂದ ನಾಳೆ ಯಾರಾದರೂ ಕೇರಿಗೆ ಬಂದು ಕಸದಿಂದ ಮನೆ ಕಟ್ಟಿಕೊಡ್ತೀವಿ ಅಂದರೆ ಮರ್ಯಾದೆಯಿಂದ ಕೂರಿಸಿ, ನೀರು ಕೊಡಿ, ಮೂರು ಮಾತು ಕೇಳಿ. ನೆಲದ ಹಕ್ಕುಪತ್ರ ಯಾರ ಹೆಸರಿಗೆ? ನಕ್ಷೆ ಬರೆಯುವಾಗ ನಮ್ಮ ಹೆಣ್ಣುಮಕ್ಕಳನ್ನು ಕೇಳ್ತೀರಾ? ನೀವು ಹೋದ ಮೇಲೆ ರಿಪೇರಿ ಮಾಡುವ ಕಸುಬು ಯಾರ ಕೈಯಲ್ಲಿ ಉಳೀತದೆ?

ಮೂರಕ್ಕೂ ಸರಿಯಾದ ಉತ್ತರ ಬಂದರೆ ಸುತ್ತಿಗೆ ಎತ್ತಿಕೊಳ್ಳೋಣ. ಬಡಿಯೋದು ನಮಗೆ ಯಾರೂ ಕಲಿಸಬೇಕಾಗಿಲ್ಲ.